ಕಹಿಯಿಲ್ಲದ ಹಾಗಲಕಾಯಿ

“ಮೂವರು ಪಂಡಿತರು ಓದಿ, ತೂಗಿ ನೋಡಿ, ಸರಿಯಿದೆ ಎಂದ ಮೇಲೆ ಅದನ್ನು ನಾನು ಬೇರೆ ತಿಳಿದುಕೊಳ್ಳಬೇಕೇ, ಅಜ್ಜಾರೇ? ಒಪ್ಪಿಕೊಂಡರೆ ಸಾಲದೇ?”

ಕೇಳಿದವಳು ಶಿವಲೀಲಾ. ಮಠದ ಕಾಲೇಜಿನಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದಳು. ಕೇಳಿದ್ದು ಮಠದ ಹಿರಿಯ ಸ್ವಾಮಿಗಳನ್ನು. ಆ ಸೀಮೆಯಲ್ಲಿ ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವಳ ಕೈಯಲ್ಲಿ ಹನ್ನೊಂದು ಪುಟಗಳ ಒಂದು ಸಂಶೋಧನಾ ಲೇಖನವಿತ್ತು. ಮೊಳಕೆ ಹೆಸರುಕಾಳು ಉಂಡರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬುದು ಅದರ ವಿಷಯ. ಇಂಥ ಲೇಖನ ಅಚ್ಚಾಗುವ ಮೊದಲು ಅದೇ ವಿದ್ಯೆಯ ಬೇರೆ ಪಂಡಿತರು ಅದನ್ನು ಪರೀಕ್ಷಿಸಿ ಒಪ್ಪಬೇಕು. ಹಾಗೆ ಒಪ್ಪಿತವಾದ ಒಂದು ಲೇಖನವನ್ನು ಹುಡುಕಿ, ಓದಿ, ಅದರಲ್ಲಿ ಏನಿದೆ ಎಂಬುದನ್ನು ತಮ್ಮ ಮಾತಿನಲ್ಲಿ ಎರಡು ಪುಟ ಬರೆದು ತರಬೇಕೆಂದು ಜೀವಶಾಸ್ತ್ರದ ಮೇಡಂ ಹೇಳಿದ್ದರು. ಸೋಮವಾರ ತರಗತಿಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಉತ್ತರ ಬಾರದವರು ಇನ್ನೊಂದು ಲೇಖನ ಹುಡುಕಿಕೊಂಡು ಮೊದಲಿನಿಂದ ಶುರುಮಾಡಬೇಕು.

ಶಿವಲೀಲಾ ಮೊದಲ ಪುಟ ಓದಿದ್ದಳು, ಕೊನೆಯ ಪುಟ ಓದಿದ್ದಳು. ನಡುವಿನ ಒಂಬತ್ತು ಪುಟಗಳ ಮೇಲೆ ಕೈಯಾಡಿಸಿದ್ದಳು. ಬರೆಯಬೇಕಾದ ಎರಡು ಪುಟಗಳನ್ನೂ ತುಂಬಿಸಿದ್ದಳು. ಅದರಲ್ಲಿ ಅರ್ಧ ವಾಕ್ಯಗಳು ಲೇಖನದವು. ಉಳಿದರ್ಧವೂ ಲೇಖನದವೇ, ಸ್ವಲ್ಪ ಹಿಂದುಮುಂದಾಗಿದ್ದವು. ಮೇಡಂ ಏನೇ ಕೇಳಲಿ, ಮೂವರು ಪಂಡಿತರು ಒಪ್ಪಿದ್ದಾರೆ ಎಂದು ಹೇಳಿಬಿಡುವುದೆಂದು ಅವಳ ಲೆಕ್ಕ. ಆ ಉತ್ತರಕ್ಕೆ ಅಜ್ಜಾರ ಒಪ್ಪಿಗೆಯೂ ಸಿಕ್ಕರೆ ನಾಲ್ವರಾಗುತ್ತಾರಲ್ಲ ಎಂದು ಬಂದಿದ್ದಳು.

ಅಜ್ಜಾರು ಲೇಖನವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕುಳಿತುಕೋ ಎಂದರು. ಅವಳು ಕುಳಿತ ಮೇಲೆ ಕತೆ ಹೇಳತೊಡಗಿದರು.

ಒಂದೂರು. ಆ ಊರಿನಲ್ಲೊಂದು ಮಠ. ಮಠದ ಸುತ್ತ ನಾಲ್ಕು ಓಣಿ, ನಾಲ್ಕರಲ್ಲಿಯೂ ಅಡುಗೆಯವರೇ. ಆ ಮಠದಲ್ಲಿ ಎರಡು ಕಟ್ಟುಪಾಡು. ಒಂದು, ದೇವರಿಗೆ ಎಡೆ ಹಿಡಿಯುವ ಮೊದಲು ಮಾಡಿದ ಅಡುಗೆಯ ರುಚಿ ನೋಡುವಂತಿಲ್ಲ. ನಾಲಿಗೆಗೆ ತಾಗಿಸುವುದಿರಲಿ, ಮೂಸುವಂತೆಯೂ ಇಲ್ಲ. ಅಲ್ಲಿಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಗ್ಗರಣೆ ಹಾಕುತ್ತಿದ್ದರು. ಎರಡನೆಯದು, ಎಡೆ ಹಿಡಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ. ಮಾಡುವವನಿಗೆ ರುಚಿ ನೋಡುವ ಹಕ್ಕಿಲ್ಲ, ಉಣ್ಣುವವನಿಗೆ ಎಲೆಗೆ ಬಿದ್ದದ್ದನ್ನು ಬಿಡುವ ಹಕ್ಕಿಲ್ಲ. ಹೀಗಾಗಿ ಆ ಊರಿನ ಹಳಬರು ಒಂದೆರಡು ಬಾರಿ ಏನೇನನ್ನೋ ನುಂಗಿದ್ದರು. ನುಂಗಿದ ಮೇಲೆ ಸೇರಿ ಕುಳಿತು ಒಂದು ದಾರಿ ಹುಡುಕಿದರು.

ಯಾರಾದರೂ ಹೊಸ ಅಡುಗೆಯೊಂದನ್ನು ಕಂಡುಕೊಂಡರೆ ಅದನ್ನು ಓಲೆಯ ಮೇಲೆ ಬರೆಯಬೇಕು. ಎಡೆಯಿಲ್ಲದ ದಿನ ನೋಡಿ ಅದನ್ನು ಮಾಡಿ ಬಡಿಸಬೇಕು. ಬೇರೆ ಓಣಿಗಳ ಮೂವರು ಅಡುಗೆಯವರು ಓಲೆ ಓದಬೇಕು, ಉಂಡು ನೋಡಬೇಕು, ಕುಂದು ಕಂಡರೆ ಹೇಳಬೇಕು. ಮಾಡಿದವನು ಯಾರೆಂದು ಉಣ್ಣುವವರಿಗೆ ತಿಳಿಯಬಾರದು, ಉಣ್ಣುವವರು ಯಾರೆಂದು ಮಾಡಿದವನಿಗೆ ತಿಳಿಯಬಾರದು. ಅದಕ್ಕೆ ನಡುವೆ ಒಂದು ಪರದೆ. ಪರದೆಯ ಆಚೆ ಕೆಮ್ಮಿದವನು ಮೂಡಲ ಓಣಿಯವನು, ಇಂಗು ಸಾಲದು ಎಂದವನು ಕೆರೆ ಓಣಿಯವನು ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೂ ಪರದೆ ಇತ್ತು. ಮೂವರೂ ಒಪ್ಪಿದರೆ ಒಬ್ಬೊಬ್ಬರು ಓಲೆಯ ದಾರಕ್ಕೆ ಒಂದೊಂದು ಗಂಟು ಹಾಕುತ್ತಿದ್ದರು. ಮೂರು ಗಂಟು ಬಿದ್ದ ಓಲೆ ಮಠದ ಪೆಟ್ಟಿಗೆ ಸೇರುತ್ತಿತ್ತು. ಮದುವೆಗೂ ಮೂರೇ ಗಂಟು. ಆಮೇಲೆ ಒಳಗೆ ಏನಿದೆ ಎಂದು ಹೆಚ್ಚು ಕೇಳುವವರಿಲ್ಲದಿರುವುದು ಎರಡು ಕಡೆಯೂ ಒಂದೇ.

ಓಲೆ ಬರೆಯುವುದಕ್ಕೂ ಒಂದು ಕ್ರಮವಿತ್ತು. ಮೊದಲ ಗರಿಯಲ್ಲಿ ಅಡುಗೆಯ ಹೆಚ್ಚುಗಾರಿಕೆ. ಆಮೇಲೆ, ಇಂಥದ್ದನ್ನು ಹಿಂದೆ ಯಾರು ಯಾರು ಮಾಡಿದ್ದರು ಎಂಬ ವಂಶಾವಳಿ. ಆಮೇಲೆ, ಏನು ಹಾಕಿದೆ, ಎಷ್ಟು ಹಾಕಿದೆ, ಯಾರಿಗೆ ಬಡಿಸಿದೆ. ಕೊನೆಯಲ್ಲಿ, ಉಂಡವರು ಏನೆಂದರು. ಇದೆಲ್ಲವನ್ನೂ ತಿಳಿಯುವ ಮಾತಿನಲ್ಲಿ ಬರೆಯಬಹುದಿತ್ತು. ಆದರೆ ನೀರು ಕುದಿಯಿತು ಎಂದು ಬರೆದವನ ಓಲೆಯನ್ನು ಪರದೆಯ ಆಚೆಯವರು ಇವನೇನೂ ಕಷ್ಟಪಟ್ಟಿಲ್ಲ ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಜಲವು ಉತ್ಕ್ವಥನಾವಸ್ಥೆಯನ್ನು ಹೊಂದಿತು ಎಂದು ಬರೆದರೆ ಅದೇ ನೀರಿಗೆ ಮರ್ಯಾದೆ ಬರುತ್ತಿತ್ತು. ಅದಕ್ಕೆ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಮನೆಗೆ ಬಂದು ಹೆಂಡತಿಯ ಹತ್ತಿರ ಮಾತ್ರ ನೀರು ಕುದಿಯಿತೇನೇ ಎಂದೇ ಕೇಳುತ್ತಿದ್ದರು.

ಆ ಮಠದ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವನಿದ್ದ. ಅವನ ಅಪ್ಪ ಅಲ್ಲಿಯೇ ಜೀವಮಾನವೆಲ್ಲ ಪಾತ್ರೆ ತೊಳೆದಿದ್ದ. ಇವನು ಹನ್ನೆರಡು ವರ್ಷದಿಂದ ಈಳಿಗೆಯ ಮುಂದೆ ಕುಳಿತು ಕಾಯಿಪಲ್ಲೆ ಹೆಚ್ಚುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ, ಹಿರಿಯ ಸೌಟು. ಅದನ್ನು ಹಿಡಿದವನೇ ಆ ಅಡುಗೆಮನೆಗೆ ಯಜಮಾನ. ಆಗ ಅದನ್ನು ಹಿಡಿದಿದ್ದ ಮುದುಕನ ಕೈ ನಡುಗತೊಡಗಿತ್ತು. ಸಾರು ಎಲೆಗೆ ಬೀಳುವ ಬದಲು ಉಣ್ಣುವವರ ತೊಡೆಗೆ ಬೀಳುತ್ತಿತ್ತು.

ಅಡುಗೆಯವನಿಗೆ ಒಂದು ಶಕ್ತಿಯಿತ್ತು. ಒಮ್ಮೆ ಓದಿದ್ದನ್ನು ಮರೆಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ನಲವತ್ತು ಓಲೆಗಳೂ ಅವನಿಗೆ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಅರ್ಥ ಕೇಳಿದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಹಾಗಾಗಿ ಅರ್ಥ ಕೇಳುವುದನ್ನು ಜನ ಬಿಟ್ಟಿದ್ದರು.

ಹಿಂದಿನ ಗುರುಗಳ ಪುಣ್ಯಸ್ಮರಣೆಗೆ ಎಂಟು ದಿನ ಉಳಿದಿತ್ತು. ಅಂದು ನಾನೂರು ಎಲೆಯ ಊಟ. ಆ ದಿನದ ಅಡುಗೆ ನಿನ್ನದು, ಪಂಕ್ತಿ ಸಂತೋಷದಿಂದ ಎದ್ದರೆ ಸೌಟೂ ನಿನ್ನದು ಎಂದು ಮಠದ ಸ್ವಾಮಿಗಳು ಅಡುಗೆಯವನಿಗೆ ಹೇಳಿದರು. ಯಾವ ಓಲೆಯನ್ನು ಆರಿಸಿಕೊಂಡೆ ಎಂಬುದನ್ನು ಆ ದಿನದವರೆಗೆ ಮನೆಯವರ ಹೊರತು ಯಾರಿಗೂ ತಿಳಿಸಬಾರದೆಂಬುದು ಅಲ್ಲಿಯ ಪದ್ಧತಿ. ಅವನು ನಲವತ್ತನ್ನೂ ಮನಸ್ಸಿನಲ್ಲಿ ತಿರುವಿಹಾಕಿ ಒಂದನ್ನು ಆರಿಸಿದ. ಕಹಿಯಿಲ್ಲದ ಹಾಗಲಕಾಯಿ ಪಲ್ಯ.

ಆ ಓಲೆಯ ಮೊದಲ ಗರಿಯೇ ಮೈ ಜುಮ್ಮೆನ್ನಿಸುವಂತಿತ್ತು. ಹಾಗಲಕಾಯಿಗೆ ಉಪ್ಪು ಸವರಿ ಹಿಂಡಬೇಕಾಗಿಲ್ಲ. ಹುಣಸೆ ಬೇಡ, ಬೆಲ್ಲ ಬೇಡ. ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಉಪ್ಪು ಖಾರ ಉದುರಿಸಿದರೆ ಆಯಿತು. ನಲವತ್ತು ಜನ ಉಂಡರು, ಒಬ್ಬರಿಗೂ ಕಹಿ ಎನ್ನಿಸಲಿಲ್ಲ. ಓಲೆ ಬರೆದವನು ತೀರಿಕೊಂಡು ಬಹಳ ದಿನವಾಗಿತ್ತು, ಆದರೆ ದಾರದಲ್ಲಿ ಮೂರು ಗಂಟು ಭದ್ರವಾಗಿದ್ದವು. ಪರದೆಯ ಆಚೆಯವರ ಮಾತುಗಳನ್ನೂ ಓಲೆಯಲ್ಲಿ ಸೇರಿಸಲಾಗಿತ್ತು. ಒಬ್ಬರು ಉಪ್ಪು ಮುಂದಾಗಿದೆ ಎಂದಿದ್ದರು. ಇನ್ನೊಬ್ಬರು ಉಪ್ಪು ಸಾಲದು ಎಂದಿದ್ದರು. ಮೂರನೆಯವರು, ಎಲ್ಲ ಸರಿ, ಇಂಥ ಪಲ್ಯವನ್ನು ನಮ್ಮ ತಾತ ಆಗಲೇ ಮಾಡಿದ್ದರು, ಅವರ ಹೆಸರು ಬರಬೇಕು ಎಂದಿದ್ದರು. ಬರೆದವನು ತಾತನ ಹೆಸರನ್ನು ವಂಶಾವಳಿಯ ತಲೆಯ ಮೇಲೆ ಕೂರಿಸಿ, ಉಪ್ಪಿನ ವಿಷಯದಲ್ಲಿ ಹಿರಿಯರ ಸಲಹೆಯನ್ನು ಪಾಲಿಸಲಾಗಿದೆ ಎಂದು ಬರೆದು, ಉಪ್ಪನ್ನು ಇದ್ದಷ್ಟೇ ಇಟ್ಟಿದ್ದ. ಮೂವರಿಗೂ ತೃಪ್ತಿಯಾಗಿತ್ತು.

ಓಲೆಯ ನಡುವೆ ಒಂದು ಸಾಲಿತ್ತು. ಅಡುಗೆಯವನಿಗೆ ಅದೆಂದರೆ ಪ್ರಾಣ. “ಭೋಕ್ತಾರರೆಲ್ಲರೂ ಕಿರಾತತಿಕ್ತಕ್ವಾಥಸೇವನನಿರತರು.” ಒಂದೇ ಉಸಿರಿಗೆ ಹೇಳಬೇಕು. ಭೋಕ್ತಾರರು ಎಂದರೆ ಉಂಡವರು ಎಂಬುದು ಅವನಿಗೆ ಗೊತ್ತಿತ್ತು. ನಿರತರು ಎಂಬುದು ಭಕ್ತಿಯಲ್ಲಿ ನಿರತರು ಎನ್ನುವಾಗ ಬರುತ್ತದೆ. ನಡುವಿನದ್ದೇನೆಂದು ಗೊತ್ತಿರಲಿಲ್ಲ. ಇಷ್ಟು ಉದ್ದದ ಮಾತು ಒಳ್ಳೆಯದನ್ನೇ ಹೇಳುತ್ತಿರಬೇಕು ಎಂದುಕೊಂಡಿದ್ದ. ಎಂಟು ದಿನವೂ ಬೆಳಗ್ಗೆ ಮೈಗೆ ನೀರು ಹುಯ್ದುಕೊಳ್ಳುವಾಗ ಅದನ್ನೇ ರಾಗವಾಗಿ ಹೇಳಿದ.

ಊಟದ ಹಿಂದಿನ ದಿನ ಹಾಗಲಕಾಯಿಯ ಮೂಟೆಗಳು ಮನೆಗೆ ಬಂದವು. ಹೆಂಡತಿ ಹೆಚ್ಚಲು ಕುಳಿತಳು. ಉಪ್ಪು ಹಚ್ಚಬೇಡ ಎಂದ. ಅವಳು ಈಳಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಹಿಂಡಲೂಬೇಡ ಎಂದ. ನಿಮಗೆ ಯಾರ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದಳು. ಅವನು ಓಲೆ ತಂದು ಗಂಟುಗಳನ್ನು ತೋರಿಸಿದ.

“ಗಂಟು ಬಿಗಿಯಾಗಿವೆ, ಇಲ್ಲವೆನ್ನಲಿಲ್ಲ. ಇವತ್ತು ಎಡೆಯಿಲ್ಲ, ಇದು ನಮ್ಮ ಮನೆಯ ಒಲೆ. ಎರಡು ಕಾಯಿ ಬಾಡಿಸಿ ಕೊಡುತ್ತೇನೆ, ಒಂದು ಹೋಳು ಬಾಯಿಗೆ ಹಾಕಿಕೊಂಡು ನೋಡಿ.”

“ಮೂವರು ದೊಡ್ಡವರು ಉಂಡು ಗಂಟು ಹಾಕಿದ್ದನ್ನು ನಾನು ಪರೀಕ್ಷೆ ಮಾಡಲೇ? ನಾಳೆ ಸೌಟು ಹಿಡಿಯುವವನು ಇವತ್ತು ಹೆಂಡತಿಯ ಮಾತು ಕೇಳಿ ಹಿರಿಯರನ್ನು ಅನುಮಾನಿಸಿದ ಎಂದಾಗಲೇ?”

ಅವಳು ಈಳಿಗೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಸಂಜೆಯವರೆಗೆ ಹೆಚ್ಚಿದಳು. ಕೈಯ ವಾಸನೆ ಹೋಗಲೆಂದು ಮೂರು ಸಲ ಸೀಗೆಪುಡಿ ಹಾಕಿ ತೊಳೆದುಕೊಂಡಳು.

ಮರುದಿನ ಎಡೆಯಾಯಿತು. ನಾನೂರು ಎಲೆ ಬಿದ್ದವು. ಮೊದಲು ಗೋಧಿ ಹುಗ್ಗಿ ಬಡಿಸಿದರು, ಮೇಲೆ ತುಪ್ಪ. ಅದರ ಪಕ್ಕಕ್ಕೆ ಪಲ್ಯ ಬಂತು. ಸ್ವಾಮಿಗಳು ತುತ್ತು ಎತ್ತುವವರೆಗೆ ಯಾರೂ ಎತ್ತುವಂತಿಲ್ಲ. ಇವತ್ತಿನ ಹೊಸ ಅಡುಗೆ ಇದೇ ಎಂದು ಯಾರೋ ಹೇಳಿದ್ದರಿಂದ ಸ್ವಾಮಿಗಳು ಮೊದಲ ತುತ್ತಿಗೆ ಪಲ್ಯವನ್ನೇ ಎತ್ತಿದರು. ಬಾಯಿಗೆ ಹಾಕಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ನಲವತ್ತು ವರ್ಷ ಸನ್ಯಾಸ ಮಾಡಿದವರು. ಆದರೆ ಎಂದೂ ಸಿಹಿ ಕೇಳಿ ಹಾಕಿಸಿಕೊಳ್ಳದವರು ಅಂದು ಹುಗ್ಗಿಯವನನ್ನು ಕಣ್ಣಲ್ಲೇ ಕರೆದರು.

ಪಂಕ್ತಿಯವರು ಉಣ್ಣತೊಡಗಿದರು. ಉಗುಳುವಂತಿಲ್ಲ, ಬಿಡುವಂತಿಲ್ಲ, ಪ್ರಸಾದ. ಕೆಲವರು ಹೋಳನ್ನು ಗುಳಿಗೆಯಂತೆ ನೀರಿನ ಜೊತೆ ನುಂಗಿದರು. ಕೆಲವರು ಹುಗ್ಗಿಯೊಳಗೆ ಅಡಗಿಸಿ ನುಂಗಿದರು, ಹುಗ್ಗಿಯೂ ಕೆಟ್ಟಿತು. ಬೇರೆ ಊರಿನಿಂದ ಬಂದಿದ್ದವನೊಬ್ಬ ಇದು ಈ ಮಠದ ವ್ರತವೇ ಎಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಒಬ್ಬ ಅಜ್ಜಿ, ಮೂವತ್ತು ವರ್ಷದ ಹೊಟ್ಟೆಹುಳ ಇವತ್ತು ಸತ್ತವು, ಅಡುಗೆಯವನ ಹೊಟ್ಟೆ ತಣ್ಣಗಿರಲಿ ಎಂದಳು.

ಅಡುಗೆಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಾಲುಸಾಲಾಗಿ ಜನರ ಕಣ್ಣಲ್ಲಿ ನೀರು. ಅವನೂ ಕಣ್ಣೊರೆಸಿಕೊಂಡ. ಗುರುಗಳ ನೆನಪು ಇವರನ್ನು ಹೀಗೆ ಕರಗಿಸಿದೆಯಲ್ಲ ಎಂದುಕೊಂಡ. ಇನ್ನೊಂದು ಸುತ್ತು ಪಲ್ಯ ಬಡಿಸಿರಿ ಎಂದು ಕಳಿಸಿದ. ಪಲ್ಯದ ಪಾತ್ರೆ ಕಂಡದ್ದೇ ತಡ, ನಾನೂರು ಎಲೆಗಳಿಗೆ ನಾನೂರು ಕೈ ಅಡ್ಡ ಬಂದವು. ಕಡೆಯ ಪಂಕ್ತಿಗೆ ಸಾಲದೆ ಬಂದೀತೆಂದು ಹೀಗೆ ಬೇಡವೆನ್ನುತ್ತಿದ್ದಾರೆ, ಎಂಥ ಜನ ಎಂದು ಮತ್ತೂ ಕರಗಿದ.

ಅಡುಗೆಯವರದ್ದು ಕಡೆಯ ಪಂಕ್ತಿ. ಅವನು ಎಲೆಯ ಮುಂದೆ ಕುಳಿತು, ತನ್ನ ಪಲ್ಯವನ್ನೇ ಮೊದಲು ಬಾಯಿಗೆ ಹಾಕಿಕೊಂಡ. ಹಾಕಿಕೊಂಡವನು ಅಲ್ಲಾಡದೆ ಕುಳಿತ. ಏಳೆಂಟು ದಿನದ ಓಡಾಟದಲ್ಲಿ ಪಿತ್ತ ಕೆರಳಿ ತನ್ನ ನಾಲಿಗೆ ಕೆಟ್ಟಿದೆ ಎಂದುಕೊಂಡ. ಮೂವರು ಒಪ್ಪಿದ್ದು ಹೇಗೆ ತಪ್ಪೀತು. ಎರಡನೆಯ ತುತ್ತು ಹಾಕಿಕೊಂಡ. ನಾಲಿಗೆ ಮತ್ತೂ ಕೆಟ್ಟಿತು. ಎದುರು ಸಾಲಿನಲ್ಲಿ ಹೆಂಡತಿ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದಳು. ನನ್ನ ನಾಲಿಗೆಗೇನೋ ಆಗಿದೆ ಕಣೇ ಎಂದು ಅವಳಿಗೆ ಹೇಳಿದ. ನಿಮ್ಮ ನಾಲಿಗೆಗೇನೂ ಆಗಿಲ್ಲ, ಸುಮ್ಮನೆ ಉಣ್ಣಿ ಎಂದಳು. ಅವನು ಉಂಡ. ಪ್ರಸಾದ.

ಊಟ ಮುಗಿದ ಮೇಲೆ ಸ್ವಾಮಿಗಳು ಎಲ್ಲರನ್ನೂ ಸೇರಿಸಿದರು. ಓಲೆ ತರಿಸಿದರು. ದಾರದಲ್ಲಿ ಮೂರು ಗಂಟುಗಳಿದ್ದವು. ಅವುಗಳಲ್ಲಿ ಒಂದನ್ನು ಹಾಕಿದವನು ಇದೇ ಕೈ ನಡುಗುವ ಮುದುಕ. ಆಗ ಅವನ ಕೈ ನೆಟ್ಟಗಿತ್ತು. ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೂ ದಿಗಿಲಾಯಿತು. ನಾನು ಉಂಡಾಗ ಕಹಿಯಿರಲಿಲ್ಲ, ದೇವರಾಣೆ ಎಂದ. ಉಳಿದಿಬ್ಬರೂ ಅಲ್ಲೇ ಇದ್ದರು, ಅವರೂ ಹಾಗೆಯೇ ಹೇಳಿದರು. ಹಾಗಾದರೆ ಓಲೆಯಲ್ಲಿದ್ದಂತೆ ಇವನು ಮಾಡಿಲ್ಲ ಎಂದು ಜನ ಅಡುಗೆಯವನನ್ನು ಹಿಡಿದರು. ಅವನು ಎದ್ದು ನಿಂತು ಓಲೆಯನ್ನು ಮೊದಲಿನಿಂದ ಬಾಯಿಪಾಠ ಒಪ್ಪಿಸತೊಡಗಿದ. ಒಂದೊಂದು ಮಾತಿಗೂ, ಹೀಗೆಯೇ ಮಾಡಿದ್ದೇನೆ ಎಂದು ಹೇಳುತ್ತ ಹೋದ. ಅದು ನಿಜವೂ ಆಗಿತ್ತು. ನಡುವಿನ ಆ ಉದ್ದದ ಸಾಲು ಬಂದಾಗ ಎಂದಿನಂತೆ ರಾಗ ತಾನಾಗಿ ಬಂತು.

ಮುದುಕ ನಡುಗುವ ಕೈಯೆತ್ತಿ ಅವನನ್ನು ತಡೆದ.

“ತಮ್ಮಾ, ಈಗ ಹೇಳಿದೆಯಲ್ಲ, ಅದರ ಅರ್ಥವೇನು?”

“ಉಂಡವರೆಲ್ಲ ಸಜ್ಜನರು ಎಂದು.”

ಮುದುಕ ಹಣೆಗೆ ಕೈ ಹಚ್ಚಿಕೊಂಡು ಕುಳಿತ. ಆಮೇಲೆ ಅವನಿಗೆ ಎಲ್ಲ ನೆನಪಾಯಿತು. ಕಿರಾತತಿಕ್ತವೆಂದರೆ ನೆಲಬೇವು. ಕ್ವಾಥವೆಂದರೆ ಕಷಾಯ. ಆ ವರ್ಷ ಆ ತಿಂಗಳು ಊರಿಗೆಲ್ಲ ಜ್ವರ ಹಬ್ಬಿತ್ತು. ನಾಲ್ಕು ಓಣಿಯವರೂ ದಿನಕ್ಕೆ ಮೂರು ಹೊತ್ತು ನೆಲಬೇವಿನ ಕಷಾಯ ಕುಡಿಯುತ್ತಿದ್ದರು. ಉಂಡ ನಲವತ್ತು ಜನರೂ ಕುಡಿಯುತ್ತಿದ್ದರು. ಪರದೆಯ ಆಚೆಯ ಮೂವರೂ ಕುಡಿಯುತ್ತಿದ್ದರು. ಆ ಬಾಯಿಗೆ ಹಾಗಲಕಾಯಿ ಎಂದರೆ ಸಕ್ಕರೆಗಡ್ಡೆ. ಆ ತಿಂಗಳು ನನಗೆ ಬೇವಿನ ಸೊಪ್ಪೂ ರುಚಿಯಾಗಿತ್ತು ಎಂದು ಮುದುಕ ಒಪ್ಪಿಕೊಂಡ. ಓಲೆ ಬರೆದವನು ಮುಚ್ಚಿಟ್ಟಿರಲಿಲ್ಲ. ಯಾರಿಗೆ ಬಡಿಸಿದೆ ಎಂಬುದನ್ನು ಬರೆಯಬೇಕಾದ ಜಾಗದಲ್ಲಿಯೇ ಬರೆದಿದ್ದ. ಇವನು ಎಂಟು ದಿನ ಅದನ್ನು ಹಾಡಿಯೂ ಇದ್ದ.

ಸೌಟು ಆ ವರ್ಷ ಮುದುಕನ ಕೈಯಲ್ಲೇ ಉಳಿಯಿತು. ಸಾರು ತೊಡೆಯ ಮೇಲೆ ಬಿದ್ದರೂ ಪರವಾಗಿಲ್ಲ, ಬಾಯಿಗೆ ಸೇರುವಂತಿರುತ್ತದೆ ಎಂದರು ಜನ. ಅಡುಗೆಯವನು ಮತ್ತೆ ಈಳಿಗೆಯ ಮುಂದೆ ಕುಳಿತ. ಅಂದು ಅವನಿಗೆ ಹೆಚ್ಚಲು ಕೊಟ್ಟದ್ದು ಮಿಕ್ಕಿದ್ದ ಎರಡು ಮೂಟೆ ಹಾಗಲಕಾಯಿ. ಈ ಸಲ ಉಪ್ಪು ಹಚ್ಚಿ ಹಿಂಡಿದ.

ಅಜ್ಜಾರು ಇಷ್ಟು ಹೇಳಿ ನಿಲ್ಲಿಸಿದರು. ಶಿವಲೀಲಾ ಸೆರಗಿನಂತೆ ಹೊದ್ದಿದ್ದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕೈ ಅಡ್ಡ ಹಿಡಿದ ನಾನೂರು ಜನ ಅವಳ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ಪಾಪ, ಮೂವರದ್ದೂ ತಪ್ಪಿಲ್ಲ, ಬರೆದವನದ್ದೂ ತಪ್ಪಿಲ್ಲ, ಇವನೊಬ್ಬ ಮಂಕ ಎಂದಳು. ಅಷ್ಟು ಉದ್ದದ ಸಾಲನ್ನು ಬಾಯಿಪಾಠ ಮಾಡುವ ಬದಲು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ ಎಂದು ಅಡುಗೆಯವನಿಗೆ ಬುದ್ಧಿಯನ್ನೂ ಹೇಳಿದಳು. ಅಜ್ಜಾರು ಅವಳ ನಗು ಮುಗಿಯುವವರೆಗೆ ಕಾದರು. ಆಮೇಲೆ ಕೇಳಿದರು.

“ನಿನ್ನ ಲೇಖನದಲ್ಲಿ ಹೆಸರುಕಾಳು ಉಂಡವರು ಯಾರು, ತಂಗಿ?”

ಶಿವಲೀಲಾ ಲೇಖನವನ್ನು ತೆರೆದು, ಬರೀ ಕೈಯಾಡಿಸಿದ್ದ ನಡುವಿನ ಒಂಬತ್ತು ಪುಟಗಳಲ್ಲಿ ಹುಡುಕತೊಡಗಿದಳು.